ಇಪ್ಪತ್ತನೆಯ ಉಗುರು

ನಮ್ಮ ಮನೆಗೆ ಯಾರೇ ಬಂದರೂ ಮೊದಲು ಕಾಫಿ, ಆಮೇಲೆ ನಾಯಿಯ ಉಗುರು. ಬಂದವರು ಲೋಟ ಕೆಳಗಿಡುವುದನ್ನೇ ಕಾಯುತ್ತಿದ್ದ ನನ್ನ ಭಾವ, ಎಂದರೆ ಗಂಡನ ಅಣ್ಣ, ನಾಯಿಯನ್ನು ಜಗಲಿಗೆ ಕರೆಯುತ್ತಿದ್ದರು. ಅದು ಬಂದು ತಾನಾಗಿಯೇ ಅಂಗಾತ ಮಲಗಿ ನಾಲ್ಕೂ ಕಾಲನ್ನು ಮೇಲೆತ್ತುತ್ತಿತ್ತು. ಆಮೇಲೆ ಎಣಿಕೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ಐದೈದು, ಒಟ್ಟು ಇಪ್ಪತ್ತು. ಬಂದವರು ನಂಬಿದರೂ ಬಿಡುತ್ತಿರಲಿಲ್ಲ, ಅವರ ಕೈಯಿಂದಲೇ ಇನ್ನೊಮ್ಮೆ ಎಣಿಕೆ ಮಾಡಿಸುತ್ತಿದ್ದರು. ಎಣಿಕೆ ಮುಗಿದ ಮೇಲೆ ನಾಯಿಗೆ ಒಂದು ತುಂಡು ಬನ್ನು ಸಿಗುತ್ತಿತ್ತು, ಬಂದವರಿಗೆ ಹೊರಡಲು ಅಪ್ಪಣೆ ಸಿಗುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಾಮಾನ್ಯ ನಾಯಿಗೆ ಇರುವುದು ಹದಿನೆಂಟೇ ಉಗುರು. ಹಿಂಗಾಲಿಗೆ ನಾಲ್ಕು ನಾಲ್ಕು ಮಾತ್ರ. ಎಲ್ಲೋ ಕೆಲವಕ್ಕೆ ಹಿಂಗಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದಷ್ಟು ಎತ್ತರದಲ್ಲಿ, ಒಂದು ಪುಟ್ಟ ಬೆರಳೂ ಅದಕ್ಕೊಂದು ಉಗುರೂ ಜೋತುಬಿದ್ದಿರುತ್ತವೆ. ಅಂಥ ಇಪ್ಪತ್ತು ಉಗುರಿನ ನಾಯಿ ಹುಲಿಗೂ ಹೆದರುವುದಿಲ್ಲ, ಅದಿರುವ ಮನೆಯ ಕಡೆ ಕಳ್ಳ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಭಾವ ನಂಬಿದ್ದರು. ಅವರೊಬ್ಬರೇ ಅಲ್ಲ, ಓಣಿಗೆ ಓಣಿಯೇ ನಂಬಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಮನೆಗೆ ಜನ ಚೀಲದಲ್ಲಿ ಮರಿಗಳನ್ನು ತುಂಬಿಕೊಂಡು ಬಂದು ಭಾವನ ಮುಂದೆ ಸುರಿಯುತ್ತಿದ್ದರು. ಬಟ್ಟೆ ಅಂಗಡಿ ನಡೆಸುವ ಮನುಷ್ಯ, ಗಿರಾಕಿಯನ್ನು ಕಾಯಿಸಿ ಬೀದಿಮರಿಯ ಕಾಲು ಹಿಡಿದು ಕೂರುತ್ತಿದ್ದರು.

ನಮ್ಮ ನಾಯಿಯನ್ನು ಅವರು ಕಿಗ್ಗದಿಂದ ತಂದದ್ದು. ಹುಟ್ಟಿದ ದಿನ, ಗಳಿಗೆ, ನಕ್ಷತ್ರ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು ತಂದಿದ್ದರು. ನನ್ನ ಮದುವೆಯಲ್ಲಿ ನನ್ನ ಜಾತಕವನ್ನು ಇಷ್ಟು ಜೋಪಾನವಾಗಿ ಯಾರೂ ತಂದಿರಲಿಲ್ಲ. ನಾಯಿಯ ಶೌರ್ಯದ ವಿಷಯ ಕೇಳಿದರೆ, ಅದಕ್ಕೆ ಕುಕ್ಕರಿನ ಸೀಟಿ ಕಂಡರೆ ಭಯ. ಹೆಂಚಿನ ಮೇಲೆ ಮಂಗ ಬಂದರೆ ಅತ್ತೆಯ ಸೆರಗಿನ ಹಿಂದೆ ಸೇರಿಕೊಳ್ಳುತ್ತಿತ್ತು. ಅದು ಬಂದ ವರ್ಷವೇ ಹಿತ್ತಲಲ್ಲಿ ಒಣಹಾಕಿದ್ದ ನನ್ನ ಎರಡು ಸೀರೆ ಹಗಲುಹೊತ್ತಿನಲ್ಲೇ ಕಳುವಾದವು. ಇಪ್ಪತ್ತು ಉಗುರು ಇಲ್ಲದಿದ್ದರೆ ಮೂರನೆಯದೂ ಹೋಗುತ್ತಿತ್ತು ಎಂದರು ಭಾವ. ನನ್ನ ಗಂಡ ಪೇಪರಿನ ಹಿಂದಿನಿಂದ ಹೂಂ ಎಂದರು. ಅಣ್ಣನಿಗೆ ಹೂಂ ಎಂದರೋ ನನಗೆ ಎಂದರೋ ತಿಳಿಯದ ಹಾಗೆ ಹೂಂ ಎನ್ನುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಎರಡು ಸಾವಿರದ ಆರೋ ಏಳೋ ಇರಬೇಕು. ಆ ಬೇಸಿಗೆಯಲ್ಲಿ ಊರಿಗೆಲ್ಲ ಟೈಲ್ಸಿನ ಹುಚ್ಚು ಹಿಡಿದಿತ್ತು, ನಾವೂ ಹಿಂದೆ ಬೀಳಲಿಲ್ಲ. ಕೆಂಪು ಸಿಮೆಂಟಿನ ಒಳ್ಳೆಯ ನೆಲವನ್ನು ಮುಚ್ಚಿ, ಮುಖ ಕಾಣುವಂಥ ಬಿಳಿ ಟೈಲ್ಸ್ ಹಾಕಿಸಿದೆವು. ಮನುಷ್ಯರೆಲ್ಲ ಗೋಡೆ ಹಿಡಿದು ನಡೆಯತೊಡಗಿದೆವು. ನಾಯಿ ತಿರುವಿನಲ್ಲಿ ಜಾರಿಕೊಂಡು ಹೋಗಿ ಅಕ್ಕಿ ಡಬ್ಬಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಅದನ್ನು ಹೊರಗೆ ಬಿಡುವಂತೆಯೂ ಇರಲಿಲ್ಲ. ಇಪ್ಪತ್ತು ಉಗುರಿನ ನಾಯಿಯನ್ನು ಕದ್ದುಕೊಂಡು ಹೋಗಲು ಜನ ಹೊಂಚು ಹಾಕಿದ್ದಾರೆಂದು ಭಾವನ ಗುಮಾನಿ. ಕಳ್ಳರಿಂದ ಮನೆ ಕಾಯಬೇಕಾದ ನಾಯಿಯನ್ನು ಹೀಗೆ ನಾವು ಕಳ್ಳರಿಂದ ಕಾಯುತ್ತಿದ್ದೆವು.

ಮಣ್ಣಿನಲ್ಲಿ ಕಲ್ಲಿನಲ್ಲಿ ಓಡಾಡಿದರೆ ನಾಯಿಯ ಉಗುರು ತಾನೇ ಸವೆಯುತ್ತದೆ. ಟೈಲ್ಸಿನ ಮೇಲೆ ಸವೆಯುವುದಿಲ್ಲ, ಟಕಟಕ ಸದ್ದು ಮಾಡುತ್ತದೆ ಅಷ್ಟೆ. ಆ ಮೇಲಿನ ಐದನೆಯ ಉಗುರಂತೂ ಮಣ್ಣಿಗೂ ತಾಗುವುದಿಲ್ಲ, ಬೆಳೆದದ್ದೇ ಬೆಳೆದದ್ದು. ನಾನು ಪ್ರತಿ ಭಾನುವಾರ ನಾಯಿಯ ಕಾಲು ತೊಳೆದು, ಬೆರಳ ಸಂದಿಯಲ್ಲಿ ರಕ್ತ ಹೀರಿ ಉಬ್ಬಿದ ಉಣುಗುಗಳನ್ನು ಕಿತ್ತು ಸೀಮೆಎಣ್ಣೆಗೆ ಹಾಕುತ್ತಿದ್ದೆ. ಶ್ರಾವಣದ ಒಂದು ಭಾನುವಾರ ಎಡ ಹಿಂಗಾಲು ಹಿಡಿದಾಗ ನೋಡಿದೆ. ಐದನೆಯ ಉಗುರು ಬಳೆಯ ಹಾಗೆ ಬಾಗಿ, ತುದಿ ಬೆರಳಿನ ಮಾಂಸದ ಕಡೆಗೇ ತಿರುಗಿತ್ತು. ತುದಿಗೂ ಮಾಂಸಕ್ಕೂ ನಡುವೆ ಒಂದು ಬೆಂಕಿಕಡ್ಡಿ ತೂರುವಷ್ಟು ಜಾಗ. ಇದು ಹೀಗೇ ಬೆಳೆದರೆ ಒಳಗೆ ಹೊಕ್ಕು ಕಾಲನ್ನೇ ತಿನ್ನುತ್ತದೆ ಎಂದು ಹೇಳಲು ಯಾವ ಡಾಕ್ಟರೂ ಬೇಕಿರಲಿಲ್ಲ.

ಕತ್ತರಿಸೋಣ ಎಂದೆ. ಭಾವ ನನ್ನ ಮುಖವನ್ನೇ ನೋಡಿದರು. ಬೇರೆ ಯಾವ ಉಗುರನ್ನು ಬೇಕಾದರೂ ಕತ್ತರಿಸು, ಆ ಎರಡನ್ನು ಮುಟ್ಟಬೇಡ, ಕತ್ತರಿ ತಾಗಿದರೆ ಲಕ್ಷಣ ಹೋಯಿತು, ಆಮೇಲೆ ಅದು ಹದಿನೆಂಟರ ನಾಯಿಯೇ ಎಂದರು.

"ಭಾವ, ನೀವು ವಾರಕ್ಕೊಂದು ಸಲ ಉಗುರು ತೆಗೀತೀರಿ. ನಿಮ್ಮ ಬೆರಳೆಂತ ಕಡಿಮೆ ಆಯ್ತಾ?" ಎಂದೆ.

"ನಂಗೆ ಎಂತ ಲಕ್ಷಣ ಇತ್ತು ಮಾರಾಯ್ತಿ, ಹೋಗ್ಲಿಕ್ಕೆ?" ಎಂದು ಅವರು ಎದ್ದು ಅಂಗಡಿಗೆ ಹೋದರು.

ಅವರದು ಮುಗಿದರೆ ಅತ್ತೆಯದು ಶುರು. ಅತ್ತೆಗೆ ಲಕ್ಷಣದ ಚಿಂತೆ ಇರಲಿಲ್ಲ, ದಿನದ ಚಿಂತೆ. ಮಂಗಳವಾರ ಉಗುರು ತೆಗೆಯಬಾರದು, ಶುಕ್ರವಾರ ಬಾರದು, ಶನಿವಾರ ಬಾರದು. ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ ಬಾರದು. ಹುಟ್ಟಿದ ನಕ್ಷತ್ರದ ದಿನ ಬಾರದು, ಮತ್ತು ನಾಯಿಯ ನಕ್ಷತ್ರ ಚೀಟಿಯಲ್ಲಿ ಬರೆದೇ ಇತ್ತು. ದೀಪ ಹಚ್ಚಿದ ಮೇಲಂತೂ ಆಗಲೇ ಬಾರದು. ಇವೆಲ್ಲ ಮನುಷ್ಯರಿಗಲ್ಲವೇ ಅತ್ತೆ ಎಂದರೆ, ಉಗುರು ಯಾರದ್ದಾದರೇನು, ಬೀಳುವುದು ಮನೆಯೊಳಗಲ್ಲವೇ, ಮನೆಯೊಳಗೆ ಉಗುರು ಬಿದ್ದರೆ ಜಗಳ ಹುಟ್ಟುತ್ತದೆ ಎಂದರು. ಜಗಳ ಉಗುರು ಬೀಳುವ ಮೊದಲೇ ಹುಟ್ಟಿತ್ತು.

ಉಳಿದ ಸೋಮ, ಬುಧ, ಗುರುವಾರಗಳಂದು ನಾನು ನರಸಿಂಹರಾಜಪುರದಲ್ಲಿ ಇರುತ್ತಿದ್ದೆ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ಬೆಳಗಿನ ಬಸ್ಸಿಗೆ ಹೋದರೆ ಮನೆ ಸೇರುವಾಗ ದೇವರ ಮುಂದೆ ದೀಪ ಉರಿಯುತ್ತಿರುತ್ತಿತ್ತು. ಭಾನುವಾರಕ್ಕೆ ಶಾಸ್ತ್ರದ ಅಡ್ಡಿ ಇರಲಿಲ್ಲ, ಆದರೆ ಭಾನುವಾರ ಭಾವ ಮನೆಯಲ್ಲಿರುತ್ತಿದ್ದರು.

ಈ ಕತೆಯನ್ನು ನಾನು ಸ್ಟಾಫ್‌ರೂಮಿನಲ್ಲಿ ಹೇಳಿದೆ. ಹೇಳುವುದರಲ್ಲಿ ನಾನು ಸ್ವಲ್ಪ ಗಟ್ಟಿಗಿತ್ತಿ. ಭಾವನ ದನಿ, ಅತ್ತೆಯ ಬೆರಳೆಣಿಕೆ, ಗಂಡನ ಹೂಂಕಾರ, ಎಲ್ಲವನ್ನೂ ಮಾಡಿ ತೋರಿಸಿದೆ. ಊಟದ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದ ಆರೇಳು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಒಳಗೆ ಕಾಲಿಡುತ್ತಿದ್ದಂತೆಯೇ ಕೇಳಿದರು, ಉಗುರು ಎಲ್ಲಿಗೆ ಬಂತು ಎಂದು. ಹೀಗೆ ಶುರುವಾದದ್ದು ದಿನಚರಿಯೇ ಆಗಿಹೋಯಿತು. ಗೋಡೆಯ ಸಣ್ಣ ಬೋರ್ಡಿನ ಮೂಲೆಯಲ್ಲಿ ನಾನು ಚಾಕಿನಿಂದ ಉಗುರಿನ ಬಾಗು ಬರೆಯುತ್ತಿದ್ದೆ. ಪ್ರತಿ ಸೋಮವಾರ ಅಳಿಸಿ, ಭಾನುವಾರ ಕಂಡಷ್ಟು ಮುಂದಕ್ಕೆ ಎಳೆಯುತ್ತಿದ್ದೆ. ಗಣಿತದ ಮೇಷ್ಟ್ರು ವೃತ್ತ ಪೂರ್ತಿಯಾಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ, ದೀಪಾವಳಿಗೆ ಸರಿಯಾಗಿ ತಾಗುತ್ತದೆ ನೋಡಿ ಎಂದರು. ಅದಕ್ಕೂ ನಕ್ಕೆವು. ಮಧ್ಯಾಹ್ನದ ಆ ಅರ್ಧ ಗಂಟೆಗಾಗಿ ನಾನು ಬಸ್ಸಿನಲ್ಲಿ ಕುಳಿತು ಮಾತು ಜೋಡಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನನಗೆ ಅಷ್ಟು ಖುಷಿ ಕೊಟ್ಟದ್ದು ಬೇರೆ ಏನೂ ಇರಲಿಲ್ಲ.

ಮನೆಯಲ್ಲಿ ನಡೆಯುತ್ತಿದ್ದುದೂ ಕತೆಗೆ ಕೊರತೆ ಮಾಡಲಿಲ್ಲ. ಬಾಳೆಹೊನ್ನೂರಿನ ಕಡೆಯ ಕಾಫಿ ತೋಟದವರೊಬ್ಬರಿಗೆ ಭಾವನ ನಾಯಿಯ ಸುದ್ದಿ ಮುಟ್ಟಿತು. ಅವರಲ್ಲೊಂದು ಒಳ್ಳೆಯ ಜಾತಿಯ ಹೆಣ್ಣು ನಾಯಿ ಇತ್ತಂತೆ. ಒಮ್ಮೆ ಬಂದು ನೋಡಿ ಹೋಗುತ್ತೇನೆ, ಒಪ್ಪಿಗೆಯಾದರೆ ಕೂಡಿಸೋಣ ಎಂದು ಫೋನು ಮಾಡಿದರು. ಭಾವ ಮೊಬೈಲು ಹಿಡಿದು, ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ನಿಂತು, ಗಂಡಿನ ಕಡೆಯವರ ಗತ್ತಿನಲ್ಲಿ ಆಗಬಹುದು ಎಂದರು. ಇನ್ನು ಉಗುರಿನ ಮಾತೆತ್ತುವಂತೆಯೇ ಇರಲಿಲ್ಲ. ಅವರು ಬಂದು ಎಣಿಸಿ ಹೋಗಲಿ, ಆಮೇಲೆ ನೋಡೋಣ ಎಂದರು ಭಾವ.

ಅವರು ಬರಬೇಕಲ್ಲ. ಪಕ್ಷಮಾಸದಲ್ಲಿ ಶುಭಕಾರ್ಯ ಬೇಡ ಎಂದು ಅತ್ತೆಯೇ ಮುಂದಕ್ಕೆ ಹಾಕಿಸಿದರು, ನಾಯಿಗಳ ಶುಭಕಾರ್ಯಕ್ಕೂ ಪಿತೃಗಳ ಅಡ್ಡಿ ಇದ್ದದ್ದು ನನಗೆ ಆಗಲೇ ತಿಳಿದದ್ದು. ಆಮೇಲೆ ನವರಾತ್ರಿ ಬಂತು. ಆಮೇಲೆ ತೋಟದವರ ಮನೆಯಲ್ಲೇ ಸೂತಕ. ಬೋರ್ಡಿನ ಮೇಲೆ ನನ್ನ ಚಾಕಿನ ಗೆರೆ ಮುಂದೆ ಮುಂದೆ ಹೋಯಿತು. ಬೆಂಕಿಕಡ್ಡಿಯ ಜಾಗ ಸೂಜಿಯ ಜಾಗವಾಯಿತು, ಆಮೇಲೆ ಜಾಗವೇ ಇರಲಿಲ್ಲ.

ದೀಪಾವಳಿ ಕಳೆದು ಕೆಲವು ದಿನಕ್ಕೆ ನಾಯಿ ಎಡ ಹಿಂಗಾಲನ್ನು ಎತ್ತಿಕೊಂಡು ನಡೆಯತೊಡಗಿತು. ಟೈಲ್ಸಿನ ಮೇಲೆ ಜಾರಿ ಉಳುಕಿದೆ ಎಂದು ಭಾವ ತೀರ್ಮಾನಿಸಿದರು. ದಿನಾ ಬೆಳಿಗ್ಗೆ ಕರ್ಪೂರ ಹಾಕಿದ ಎಣ್ಣೆ ಬಿಸಿಮಾಡಿ ನೀವಿ, ಅರಿಶಿನ ಹಚ್ಚಿ, ಅಂಗಡಿಯಿಂದ ತಂದ ಹೊಸ ಮಲ್ಲು ಬಟ್ಟೆಯ ಪಟ್ಟಿಯಿಂದ ಕಾಲನ್ನು ಬಿಗಿಯಾಗಿ ಕಟ್ಟುತ್ತಿದ್ದರು. ತುಂಬ ಅಕ್ಕರೆಯಿಂದಲೇ ಕಟ್ಟುತ್ತಿದ್ದರು. ಆ ಪಟ್ಟಿ ಬಿಗಿದಷ್ಟೂ ಉಗುರು ಒಳಕ್ಕೆ ಹೋಗುತ್ತಿತ್ತು. ಉಳುಕಲ್ಲ ಭಾವ, ಉಗುರು ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲ ಹೇಳಿದ್ದೇನೆ ಎಂಬುದನ್ನು ಸ್ಟಾಫ್‌ರೂಮಿನಲ್ಲಿ ನಾಲ್ಕು ಸಲ ಹೇಳಿದೆ.

ಒಂದು ಶುಕ್ರವಾರ ಸಂಜೆ ಮನೆಗೆ ಬಂದಾಗ ನಾಯಿ ಬಾಗಿಲಿಗೆ ಬರಲಿಲ್ಲ. ಮೂಲೆಯ ಗೋಣಿಯ ಮೇಲೆ ಮಲಗಿ ಪಟ್ಟಿಯನ್ನು ನೆಕ್ಕುತ್ತಿತ್ತು. ಹತ್ತಿರ ಹೋದರೆ ಅರಿಶಿನದ ವಾಸನೆಯ ಅಡಿಯಲ್ಲಿ ಬೇರೊಂದು ವಾಸನೆ ಬಂತು. ಅದು ತಲೆಯೆತ್ತಿ ನೋಡಿ ಬಾಲವನ್ನು ಒಂದೇ ಸಲ ನೆಲಕ್ಕೆ ಬಡಿಯಿತು. ನಾಲ್ಕು ತಿಂಗಳಿನಿಂದ ಆ ಕಾಲನ್ನು ನೋಡುತ್ತಿದ್ದರೂ ಅದಕ್ಕೆ ನೋವಿದೆ ಎಂಬುದು ನನ್ನ ತಲೆಗೆ ಹೋದದ್ದು ಅವತ್ತೇ.

ಮರುದಿನ ಶನಿವಾರ, ಶಾಲೆ ಬೆಳಿಗ್ಗೆ ಮಾತ್ರ. ಭಾವ ಶೃಂಗೇರಿಗೆ ಒಂದು ಮದುವೆಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಬಂದವಳೇ ಆಟೋ ಕರೆಸಿದೆ. ಅತ್ತೆ ಬಾಗಿಲಲ್ಲಿ ನಿಂತು ಇವತ್ತು ಶನಿವಾರ ಎಂದರು. ನಾನು ಕತ್ತರಿಸುವುದಿಲ್ಲ, ದನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಡಾಕ್ಟರು ಕತ್ತರಿಸುತ್ತಾರೆ ಎಂದೆ.

"ಆಸ್ಪತ್ರೇಲಾ? ಹಂಗಾದ್ರೆ ಅಡ್ಡಿಲ್ಲ. ಮನೆಯೊಳಗೆ ಬೀಳಬಾರ್ದು ಅಷ್ಟೆ," ಎಂದರು ಅತ್ತೆ.

ಇಷ್ಟು ಸುಲಭವಾಗಿತ್ತು. ಶ್ರಾವಣದಲ್ಲೇ ಕೇಳಿದ್ದರೆ ಶ್ರಾವಣದಲ್ಲೇ ಅಡ್ಡಿಲ್ಲ ಎನ್ನುತ್ತಿದ್ದರೋ ಏನೋ. ನಾನು ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಇದ್ದವರು ಲೇಡಿ ಡಾಕ್ಟರು, ಚಿಕ್ಕ ವಯಸ್ಸಿನವರು. ಒಂದು ಎಮ್ಮೆಯನ್ನೂ ಎರಡು ಮೇಕೆಗಳನ್ನೂ ಮುಗಿಸಿಕೊಂಡು ನಮ್ಮ ಕಡೆ ಬಂದರು. ನಾಯಿಯನ್ನು ಮೇಜಿನ ಮೇಲೆ ಹತ್ತಿಸಿ, ಕಚ್ಚುತ್ತದೆಯೇ ಎಂದು ಕೇಳಿ, ಬಾಯಿ ಕಟ್ಟಲು ಹಗ್ಗ ತೆಗೆದುಕೊಂಡರು. ಅವರು ಕಾಲು ಮುಟ್ಟಿದ್ದೇ ತಡ, ನಾಯಿ ಅಂಗಾತ ಮಲಗಿ ನಾಲ್ಕೂ ಕಾಲನ್ನು ಮೇಲೆತ್ತಿತು. ಕಾಲು ಮುಟ್ಟಿದರೆ ಎಣಿಸುತ್ತಾರೆ, ಎಣಿಸಿದರೆ ಬನ್ನು ಕೊಡುತ್ತಾರೆ ಎಂದಷ್ಟೇ ಅದಕ್ಕೆ ಗೊತ್ತಿದ್ದದ್ದು. ಡಾಕ್ಟರು ಹಗ್ಗವನ್ನು ಕೆಳಗಿಟ್ಟರು. ಇಷ್ಟು ಸಾಧು ನಾಯಿಯ ಉಗುರನ್ನು ಮನೆಯಲ್ಲೇ ತೆಗೆಯಬಹುದಿತ್ತಲ್ಲ, ಒಂದು ನಿಮಿಷದ ಕೆಲಸ ಎಂದರು.

ಪಟ್ಟಿ ಬಿಚ್ಚಿದರು. ಉಗುರು ಪೂರ್ತಿ ಒಂದು ಸುತ್ತು ಬಂದು, ತುದಿ ಮಾಂಸದೊಳಗೆ ಕಾಣದಂತೆ ಹೋಗಿತ್ತು. ಸುತ್ತ ಕೀವು ತುಂಬಿ ಬೆರಳು ನೇರಳೆಹಣ್ಣಿನ ಹಾಗೆ ಊದಿಕೊಂಡಿತ್ತು. ತುದಿ ಕತ್ತರಿಸಿ ಎಳೆದು ನೋಡಿದರು. ಬೆರಳು ಕೊಳೆತಿದೆ, ಇಟ್ಟರೆ ಮೇಲಕ್ಕೆ ಏರುತ್ತದೆ, ಕಾಲನ್ನು ಉಳಿಸಬೇಕಾದರೆ ಬೆರಳನ್ನೇ ತೆಗೆಯಬೇಕು ಎಂದರು. ಎರಡು ವಾರ ಮೊದಲು ಬಂದಿದ್ದರೆ ಬೆರಳು ಉಳಿಯುತ್ತಿತ್ತು, ಎರಡು ತಿಂಗಳು ಮೊದಲು ಬಂದಿದ್ದರೆ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿದರು. ಮರಗಟ್ಟುವ ಇಂಜಕ್ಷನ್ ಕೊಟ್ಟರು. ನಾನು ತಲೆ ಹಿಡಿದುಕೊಂಡೆ. ನಾಯಿ ಒಂದು ಸಲ ಕುಂಯ್ ಎಂದಿತು, ಆಮೇಲೆ ನನ್ನ ಮೊಣಕೈಯನ್ನು ನೆಕ್ಕುತ್ತ ಮಲಗಿತ್ತು.

"ಎಷ್ಟು ದಿನ ಆಯ್ತು ಮೇಡಂ ಇದು ಹೀಗೆ?" ಎಂದು ಹೊಲಿಗೆ ಹಾಕುತ್ತಾ ಕೇಳಿದರು.

"ನಾಲ್ಕೈದು ದಿನ," ಎಂದೆ.

ಅವರು ಸ್ಟೀಲಿನ ತಟ್ಟೆಯಲ್ಲಿ ಬಿದ್ದಿದ್ದ ಉಗುರಿನ ಬಳೆಯನ್ನು ನೋಡಿದರು, ನನ್ನನ್ನು ನೋಡಿದರು. ಟೀಚರಂತೆ ಕಾಣುತ್ತಿದ್ದ ಹೆಂಗಸಿಗೆ ಹೆಚ್ಚು ಹೇಳುವುದು ಬೇಡ ಎನ್ನಿಸಿರಬೇಕು, ಸುಮ್ಮನೆ ಉಳಿದ ಉಗುರುಗಳನ್ನೂ ಚಿಕ್ಕದು ಮಾಡಿ, ರಕ್ತದ ನರ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕತ್ತರಿಸಬೇಕು ಎಂದು ತೋರಿಸಿಕೊಟ್ಟು ಕಳಿಸಿದರು.

ಭಾವ ಸಂಜೆ ಬಂದಾಗ ನಾಯಿ ಹೊಸ ಪಟ್ಟಿ ಕಟ್ಟಿಕೊಂಡು ಮಲಗಿತ್ತು. ಅತ್ತೆ ಕಟ್ಟಿರಬೇಕೆಂದು ತಿಳಿದು ಅವರು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದ ಮಾತನ್ನೆಲ್ಲ ಸಾಣೆ ಹಿಡಿದು ಇಟ್ಟುಕೊಂಡಿದ್ದೆ, ಅವರು ಮೊದಲು ಬಾಯಿ ತೆಗೆಯಲಿ ಎಂದು ಕಾಯುತ್ತಿದ್ದೆ.

ಮರುದಿನ ಭಾನುವಾರ, ಭಾವ ಇನ್ನೂ ಎಣ್ಣೆ ಬಿಸಿಗಿಡುವ ಮೊದಲೇ, ಇಷ್ಟು ತಿಂಗಳು ಬಾರದಿದ್ದ ತೋಟದವರು ಜೀಪಿನಲ್ಲಿ ಬಂದಿಳಿದರು. ಕಾಫಿಯಾಯಿತು. ಭಾವ ಶಲ್ಯ ಸರಿಮಾಡಿಕೊಂಡು ನಾಯಿಯನ್ನು ಕರೆದರು. ಅದು ಮೂರು ಕಾಲಿನಲ್ಲಿ ಕುಂಟಿಕೊಂಡು ಬಂದು ಎಂದಿನಂತೆ ಅಂಗಾತ ಮಲಗಿತು. ಸ್ವಲ್ಪ ಉಳುಕಿದೆ ಅಷ್ಟೇ, ಎಂದು ಹೇಳುತ್ತಾ ಭಾವ ಮುಂಗಾಲುಗಳನ್ನು ಎಣಿಸಿದರು. ಹತ್ತು. ಬಲ ಹಿಂಗಾಲು, ಹದಿನೈದು. ಎಡಗಾಲಿನ ಪಟ್ಟಿ ಬಿಚ್ಚಿದರು. ನಾನು ಬಾಗಿಲ ಬಳಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ನಿಜ ಹೇಳಬೇಕೆಂದರೆ, ಅವರ ಮುಖ ಹೇಗಾಗುತ್ತದೆಂದು ನೋಡಲು ನಿಂತಿದ್ದೆ.

ಅವರು ಹೊಲಿಗೆಯನ್ನು ನೋಡಿದರು. ಬೆರಳು ಇದ್ದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಲು ಹೋಗಿ ಮುಟ್ಟಲಿಲ್ಲ. ತೋಟದವರು ಕುತ್ತಿಗೆ ಚಾಚಿ ನೋಡುತ್ತಿದ್ದರು. ಭಾವ ಹದಿನಾರು, ಹದಿನೇಳು ಎಂದು ನಿಧಾನವಾಗಿ ಎಣಿಸಿ ಮುಗಿಸಿದರು. "ಹತ್ತೊಂಬತ್ತು," ಎಂದರು. "ಇಪ್ಪತ್ತಿತ್ತು. ನಾನು ಸರಿಯಾಗಿ ನೋಡ್ಕೊಳ್ಳಿಲ್ಲ." ತೋಟದವರು ಪರವಾಗಿಲ್ಲ, ನೋಡೋಣ, ಫೋನು ಮಾಡುತ್ತೇನೆ ಎಂದು ಹೇಳಿ ಹೊರಟರು. ಅವರ ಫೋನು ಬರಲಿಲ್ಲ.

ಜೀಪು ಓಣಿ ದಾಟಿದ ಮೇಲೂ ಭಾವ ನಾಯಿಯ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದರು. ಅವರು ಕೂಗಾಡುತ್ತಾರೆಂದು ನಾನು ಸಜ್ಜಾಗಿದ್ದೆ. ಅವರು ಡಾಕ್ಟರು ಏನೆಂದರು ಎಂದು ಕೇಳಿದರು. ಎಲ್ಲ ಹೇಳಿದೆ. ಎರಡು ವಾರ, ಎರಡು ತಿಂಗಳು ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಶ್ರಾವಣದಲ್ಲೇ ನಾನು ನೋಡಿದ್ದೆ, ಪ್ರತಿ ವಾರ ನೋಡುತ್ತಿದ್ದೆ, ನೀವು ಕೇಳಿದಿರಾ ಎಂದೆ. ಅವರು ಬನ್ನಿನ ತುಂಡನ್ನು ಮುರಿದು ನಾಯಿಯ ಬಾಯಿಗಿಟ್ಟರು.

"ನಂಗೆ ಹುಚ್ಚು ಅಂತ ನಿಂಗೆ ಮೊದ್ಲಿಂದಾನೂ ಗೊತ್ತಿತ್ತಲ," ಎಂದರು. "ನಿಂಗೆ ಎಂತ ಆಗಿತ್ತು?"

ಬೈಗುಳದ ದನಿ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ನನಗೆ ನಾಚಿಕೆಯಾಯಿತು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಸೋಮವಾರ ಬೆಳಿಗ್ಗೆ ನರಸಿಂಹರಾಜಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಾಗ, ಜೀಪು ಬಂದದ್ದು, ಭಾವ ಶಲ್ಯ ಸರಿಮಾಡಿಕೊಂಡದ್ದು, ಹದಿನಾರು ಹದಿನೇಳು ಎಂದು ಎಳೆದದ್ದು ಎಲ್ಲ ನನ್ನೊಳಗೆ ಆಗಲೇ ಸಾಲಾಗಿ ಕೂರತೊಡಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಬದಲಿಸಬೇಕು ಎಂಬುದೂ ಹೊಳೆಯುತ್ತಿತ್ತು. ಬೇಡ ಎಂದುಕೊಂಡೆ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ, ಉಗುರು ಏನಾಯಿತು ಎಂದು ಕೇಳಿದರು. ಎದ್ದು ನಿಂತು ಹೇಳಿದೆ. ಭಾವ ಹತ್ತೊಂಬತ್ತು ಎಂದಲ್ಲಿಗೆ ನಿಲ್ಲಿಸಿದೆ. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.